ಬಿಟ್ಟು ಎಲ್ಲಿಗಿ ಹೋಗ್ಲಿ?

ಶುಭ ಶುಕ್ರವಾರದ ಹಿಂದಿನ ದಿನ. ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದೆವು. ಪಕ್ಕದ ಟೇಬಲ್ಲಿನವರು ಇದ್ದಕ್ಕಿದ್ದಂತೆ ಕೇಳಿದರು: "ನಾಳೆ ನಿಮ್ಮ ದೇವರು ಸತ್ತ ದಿನ ಅಲ್ವಾ? ಅದಕ್ಕೆ ಶುಭ ಅಂತ ಯಾಕೆ ಅಂತೀರಿ? ತನ್ನನ್ನೇ ಉಳಿಸಿಕೊಳ್ಳದ ದೇವರ ಹತ್ತಿರ ನೀವು ಏನು ಕೇಳ್ತೀರಿ?"

ಅವರ ದನಿಯಲ್ಲಿ ಕುಹಕ ಇರಲಿಲ್ಲ. ಅದು ನನಗೆ ಗೊತ್ತಾಯಿತು. ಹೆಚ್ಚು ಮಾತಾಡದ ಮನುಷ್ಯ. ಮಂಗಳವಾರ, ಶುಕ್ರವಾರ ಮಧ್ಯಾಹ್ನವೇ ಹೇಳಿ ಹೊರಟುಬಿಡುತ್ತಾರೆ. ಮೂರು ವರ್ಷದಿಂದ ಪಕ್ಕಪಕ್ಕ ಕೂತಿದ್ದೇವೆ, ನನ್ನ ನಂಬಿಕೆಯ ಬಗ್ಗೆ ಕೇಳಿದ್ದು ಅದೇ ಮೊದಲು. ನಾನು "ನಮ್ಮ ಪಾಪಕ್ಕಾಗಿ ಪ್ರಾಣ ಕೊಟ್ಟ ದಿನ, ಅದಕ್ಕೇ ಶುಭ" ಎಂದೆ. ಚಿಕ್ಕಂದಿನಲ್ಲಿ ಭಾನುವಾರ ಶಾಲೆಯಲ್ಲಿ ಕಲಿತ ಉತ್ತರ. ಸುಳ್ಳೇನಲ್ಲ. ನಾನು ಪೂರ್ತಿ ನಂಬುವ ಮಾತು. ಆದರೆ ಅವರು "ಹೌದಾ" ಎಂದು ಲೋಟ ಇಟ್ಟು ಎದ್ದುಹೋದಾಗ, ಹಸಿದು ಬಂದವರಿಗೆ ಊಟದ ಹೆಸರು ಹೇಳಿ ಕಳಿಸಿದ ಹಾಗನ್ನಿಸಿತು.

ಅವರ ಪ್ರಶ್ನೆ ಹೊಸದೂ ಅಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲೆ ಇದ್ದಾಗಲೇ ಕೆಳಗೆ ನಿಂತವರು ಇದನ್ನೇ ಅಂದಿದ್ದರು. ಬೇರೆಯವರನ್ನು ರಕ್ಷಿಸಿದ, ತನ್ನನ್ನು ರಕ್ಷಿಸಿಕೊಳ್ಳಲಾರ ಎಂದು. ಅವತ್ತಿನಿಂದ ಈ ಪ್ರಶ್ನೆ ಶಿಲುಬೆಯ ಜೊತೆಗೇ ಇದೆ. ಅದಕ್ಕೆ ಇವತ್ತು ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮೊದಲು ಶಿಲುಬೆ ಅಂದರೆ ಏನಿತ್ತು ಅನ್ನುವುದನ್ನು ಹೇಳಬೇಕು. ನಮ್ಮ ದೇವಾಲಯದ ವೇದಿಕೆಯ ಮೇಲೆ ಒಂದು ಹಿತ್ತಾಳೆಯ ಶಿಲುಬೆ ಇದೆ. ಹಬ್ಬದ ಮುಂಚೆ ಹೆಣ್ಣುಮಕ್ಕಳು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಅನ್ನಿಸುತ್ತಾರೆ. ಅದನ್ನು ನೋಡಿ ನೋಡಿ ನಮಗೆ ಅದು ಸುಂದರವಾದ ವಸ್ತು ಆಗಿಬಿಟ್ಟಿದೆ. ರೋಮನ್ನರ ಕಾಲದವರಿಗೆ ಹಾಗಿರಲಿಲ್ಲ. ಅದು ಗುಲಾಮರಿಗೆ, ದಂಗೆಕೋರರಿಗೆ ಇಟ್ಟಿದ್ದ ಶಿಕ್ಷೆ. ರೋಮಿನ ನಾಗರಿಕನಿಗೆ ಸಾಮಾನ್ಯವಾಗಿ ಅದನ್ನು ಕೊಡುತ್ತಲೇ ಇರಲಿಲ್ಲ. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸ್‌ನ ದಂಗೆ ಮುರಿದ ಮೇಲೆ, ಸೆರೆ ಸಿಕ್ಕ 6,000 ಗುಲಾಮರನ್ನು ಕಾಪುವಾದಿಂದ ರೋಮಿನವರೆಗೆ ರಸ್ತೆಯ ಉದ್ದಕ್ಕೂ ಶಿಲುಬೆಗೆ ಹಾಕಿದರು ಎಂದು ಹಳೆಯ ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಕೊಲ್ಲುವುದಷ್ಟೇ ಉದ್ದೇಶವಾಗಿದ್ದರೆ ಕತ್ತಿ ಸಾಕಿತ್ತು. ಇದು ತೋರಿಸುವುದಕ್ಕೆ. ಬಟ್ಟೆ ಕಿತ್ತು, ಹೋಗಿಬರುವವರ ಕಣ್ಣೆದುರು, ತಾಸುಗಟ್ಟಲೆ, ಕೆಲವು ಸಲ ದಿನಗಟ್ಟಲೆ.

1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಒಂದು ಹಳೆಯ ಸಮಾಧಿ ಸಿಕ್ಕಿತು. ಅದರಲ್ಲಿ ಎಲುಬುಗಳನ್ನು ತುಂಬಿಟ್ಟ ಕಲ್ಲಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಯೆಹೋಹಾನಾನ್ ಎಂಬ ಹೆಸರು. ಅವನ ಹಿಮ್ಮಡಿಯ ಎಲುಬಿನಲ್ಲಿ ಕಬ್ಬಿಣದ ಮೊಳೆ ಹಾಗೇ ಉಳಿದಿತ್ತು. ತುದಿ ಬಾಗಿದ್ದರಿಂದ ಕಿತ್ತುಕೊಳ್ಳಲಾಗದೆ ಮನೆಯವರು ಮೊಳೆಯ ಸಮೇತ ಮಣ್ಣು ಮಾಡಿದ್ದರು. ಯೇಸುವಿನ ಶತಮಾನದವನೇ. ಆ ಎಲುಬಿನ ಚಿತ್ರ ಮೊದಲ ಸಲ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ. ಇವನಿಗೂ ಒಬ್ಬ ತಾಯಿ ಇದ್ದಳು.

ಯೆಹೂದ್ಯರಿಗೆ ಇನ್ನೊಂದು ಕಷ್ಟ ಇತ್ತು. ಮರಕ್ಕೆ ತೂಗುಹಾಕಿದವನು ದೇವರ ಶಾಪಕ್ಕೆ ಒಳಗಾದವನು ಎಂದು ಅವರ ಧರ್ಮಗ್ರಂಥವಾದ ಧರ್ಮೋಪದೇಶಕಾಂಡದಲ್ಲಿಯೇ ಬರೆದಿದೆ. ಅಂದರೆ ಯೇಸುವಿನ ಹಿಂದೆ ಬಂದಿದ್ದ ಪೇತ್ರ, ಯೋಹಾನ, ಮರಿಯ ಇವರೆಲ್ಲ ಕಳೆದುಕೊಂಡದ್ದು ಬರೀ ಗುರುವನ್ನಲ್ಲ. ದೇವರು ಇವನ ಕಡೆ ಇದ್ದಾನೆ ಎಂಬ ನಂಬಿಕೆಯೇ ಅವತ್ತು ಮಧ್ಯಾಹ್ನ ಎಲ್ಲರೆದುರು ಬೆತ್ತಲಾಗಿ ತೂಗಾಡಿತು. ಇದಾದ ಮೇಲೂ ಅವರು ಶಿಲುಬೆಯನ್ನು ಮುಚ್ಚಿಡಲಿಲ್ಲ ಅನ್ನುವುದೇ ನನಗೆ ದೊಡ್ಡ ಆಶ್ಚರ್ಯ. ಮುಂದೆ ಊರೂರು ತಿರುಗಿ ಯೇಸುವನ್ನು ಸಾರಿದ ಪೌಲ, ಕೊರಿಂಥದ ಸಭೆಯವರಿಗೆ ಬರೆಯುತ್ತಾ, ಇದು ಯೆಹೂದ್ಯರಿಗೆ ಎಡವುಗಲ್ಲು, ಗ್ರೀಕರಿಗೆ ಹುಚ್ಚುಮಾತು, ಆದರೂ ನಾವು ಸಾರುವುದು ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನನ್ನೇ ಎಂದು ಪಟ್ಟು ಹಿಡಿಯುತ್ತಾನೆ.

ಹುಚ್ಚುಮಾತು ಅನ್ನುವುದಕ್ಕೆ ಸಾಕ್ಷಿಯೂ ಇದೆ. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ ಒಂದು ಹಳೆಯ ಗೋಡೆಯ ಮೇಲೆ ಯಾರೋ ಗೀಚಿದ ಚಿತ್ರ ಸಿಕ್ಕಿದೆ. ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ. ಕೆಳಗೆ ಕೈ ಎತ್ತಿ ನಿಂತ ಒಬ್ಬ ಹುಡುಗ. ಪಕ್ಕದಲ್ಲಿ ಗ್ರೀಕ್ ಅಕ್ಷರ: "ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ." ಜೊತೆಯವರು ಯಾರೋ ಗೇಲಿ ಮಾಡಿ ಬರೆದದ್ದು. ಆದರೆ ಪಕ್ಕದ ಕೋಣೆಯ ಗೋಡೆಯ ಮೇಲೆ ಇನ್ನೊಂದು ಕೈಯ ಬರಹ ಇದೆ, ಲ್ಯಾಟಿನ್‌ನಲ್ಲಿ ಎರಡೇ ಪದ. "ಅಲೆಕ್ಸಮೆನೋಸ್ ನಂಬಿಗಸ್ತ." ಅವನೇ ಬರೆದನೋ, ಅವನ ಗೆಳೆಯ ಬರೆದನೋ. ನನಗೆ ಆ ಎರಡು ಪದ ಎಷ್ಟೋ ಪ್ರಸಂಗಗಳಿಗಿಂತ ಜಾಸ್ತಿ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ.

ನಮ್ಮೂರು ಬೆಟಗೇರಿ. ಅಪ್ಪ ಶಾಲೆ ಮಾಸ್ತರು. ಬೋರ್ಡಿನ ಮೇಲೆ ಅವರ ಅಕ್ಷರ ಅಚ್ಚು ಹಾಕಿದ ಹಾಗೆ ಇರುತ್ತಿತ್ತು. 2009ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ನೀರು ಬೇಕು ಅನ್ನುವುದಕ್ಕೆ ನೀರು ಎಂಬ ಪದ ಸಿಗುತ್ತಿರಲಿಲ್ಲ. ಬಾಯಿ ತೆರೆದು ಹುಡುಕುತ್ತಿದ್ದರು, ಕಣ್ಣಲ್ಲಿ ನೀರು ತುಂಬುತ್ತಿತ್ತು. ಆದರೆ ರಾತ್ರಿ ಅವ್ವ ಹಾಸಿಗೆಯ ಪಕ್ಕ ಕೂತು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರು ಮಾಡಿದರೆ, ಅಪ್ಪ ಕಡೆಯವರೆಗೂ ಒಂದು ಪದ ತಪ್ಪದೆ ಹೇಳುತ್ತಿದ್ದರು! ಬಾಯಿಪಾಠವಾದ ಪ್ರಾರ್ಥನೆ, ಹಾಡು ಇವು ಮಿದುಳಿನಲ್ಲಿ ಬೇರೆ ದಾರಿಯಿಂದ ಬರುತ್ತವೆ, ಹಾಗಾಗಿ ಉಳಿಯುತ್ತವೆ ಎಂದು ಡಾಕ್ಟರು ಹೇಳಿದರು. ಇರಬಹುದು. ನಮಗೆ ಅಪ್ಪನ ದನಿ ಕೇಳುವುದಕ್ಕೆ ದಿನಕ್ಕೆ ಇದ್ದದ್ದು ಅದೊಂದೇ ಹೊತ್ತು.

ಏಳು ವರ್ಷ. ಎತ್ತುವುದು, ಒರೆಸುವುದು, ಮಗ್ಗಲು ಬದಲಿಸುವುದು, ಬೆನ್ನಿಗೆ ಪೌಡರ್ ಹಾಕುವುದು. ಮಾಡಿದವಳು ಅವ್ವ. ನಾನು ಹುಬ್ಬಳ್ಳಿಯಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದೆ.

ಎರಡನೇ ವರ್ಷ ಯಾರೋ ಹೇಳಿದರೆಂದು ಒಬ್ಬ ಪ್ರಸಂಗಿಯನ್ನು ಮನೆಗೆ ಕರೆಸಿದೆವು. ಹೆಸರು ಬೇಡ. ಅಪ್ಪನ ತಲೆಯ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದರು. ಅಪ್ಪ ಏಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಅವ್ವನಿಗೆ ಅಂದರು: "ನಿಮ್ಮ ಮನೆಯೊಳಗ ವಿಶ್ವಾಸ ಕಡಿಮಿ ಐತಿ. ನಲವತ್ತು ದಿನ ಉಪವಾಸ ಮಾಡ್ರಿ, ದೇವರು ಮಾಡ್ತಾನ." ಒಬ್ಬಳೇ ಒಬ್ಬ ಮನುಷ್ಯನನ್ನು ದಿನಕ್ಕೆ ಹತ್ತು ಸಲ ಎತ್ತಿ ಕೂರಿಸುವ ಹೆಂಗಸಿಗೆ ಉಪವಾಸ ಮಾಡು ಅಂದರು. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಆಮೇಲೆ ಎರಡು ವರ್ಷ ನಾನು ದೇವಾಲಯದ ಮೆಟ್ಟಿಲು ಹತ್ತಲಿಲ್ಲ.

ಅವ್ವ ಮಾತ್ರ ಬಿಡಲಿಲ್ಲ. ಭಾನುವಾರ ಪಕ್ಕದ ಮನೆಯವರನ್ನು ಅಪ್ಪನ ಹತ್ತಿರ ಕೂರಿಸಿ ಹೋಗಿಬರುತ್ತಿದ್ದಳು. ಒಂದು ದಿನ ನಾನು ಸಿಟ್ಟಿನಲ್ಲಿ ಕೇಳಿದೆ, "ಇಷ್ಟು ವರ್ಷ ಹೋಗಿ ಏನ್ ಸಿಕ್ತವ್ವಾ? ಬಿಟ್ಟುಬಿಡು." ಅವಳು ಅಪ್ಪನ ಗಂಜಿ ಆರಿಸುತ್ತಿದ್ದಳು. ತಲೆ ಎತ್ತದೆ ಅಂದಳು, "ಬಿಟ್ಟು ಎಲ್ಲಿಗಿ ಹೋಗ್ಲಿ ತಮ್ಮಾ?"

ಆಗ ಅದು ಸೋತವರ ಮಾತು ಅನ್ನಿಸಿತು. ಮುಂದೆ ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಯೋಹಾನನ ಸುವಾರ್ತೆಯ ಆರನೇ ಅಧ್ಯಾಯ ಓದುವಾಗ ಬೆಚ್ಚಿದೆ. ಬಹಳ ಶಿಷ್ಯರು ಯೇಸುವನ್ನು ಬಿಟ್ಟುಹೋಗುತ್ತಾರೆ. ಆತನು ಹನ್ನೆರಡು ಮಂದಿಯನ್ನು, ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳುತ್ತಾನೆ. ಪೇತ್ರ ಹೇಳುತ್ತಾನೆ, ಸ್ವಾಮೀ, ನಿನ್ನನ್ನು ಬಿಟ್ಟು ಯಾರ ಹತ್ತಿರಕ್ಕೆ ಹೋಗೋಣ? ಅವ್ವ ಬೆಟಗೇರಿಯ ಭಾಷೆಯಲ್ಲಿ ಅಂದದ್ದೂ ಅದನ್ನೇ.

ನಾನು ವಾಪಸ್ ದೇವಾಲಯಕ್ಕೆ ಹೋದದ್ದು 2013ರ ಶುಭ ಶುಕ್ರವಾರ. ನಂಬಿಕೆ ಬಂದು ಅಲ್ಲ. ಅವ್ವನಿಗೆ ಮಂಡಿ ನೋವು, ಕರೆದುಕೊಂಡು ಹೋಗುವವರು ಬೇಕಿತ್ತು, ಅಷ್ಟೇ. ನಮ್ಮಲ್ಲಿ ಅವತ್ತು ಹನ್ನೆರಡರಿಂದ ಮೂರರವರೆಗೆ ಆರಾಧನೆ. ಶಿಲುಬೆಯ ಮೇಲಿನ ಏಳು ಮಾತುಗಳ ಮೇಲೆ ಏಳು ಧ್ಯಾನ. ಬಿಸಿಲು ಧಗೆ, ಫ್ಯಾನು ಸುತ್ತಿದರೂ ಬೆವರು. ಮೊದಲ ಮೂರು ಮಾತು ಕಿವಿಗೆ ಬಿದ್ದವು, ಒಳಗೆ ಇಳಿಯಲಿಲ್ಲ. ನಾಲ್ಕನೆಯದು ಬಂತು. "ಏಲೀ, ಏಲೀ, ಲಮಾ ಸಬಕ್ತಾನೀ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?"

ಅದನ್ನು ನೂರು ಸಲ ಕೇಳಿದ್ದೆ. ಆದರೆ ಅವತ್ತು ಒಂದು ಪ್ರಶ್ನೆ ಹುಟ್ಟಿತು. ಇದನ್ನು ಕೇಳಿದ ಯೇಸುವಿಗೂ ವಿಶ್ವಾಸ ಕಡಿಮೆ ಇತ್ತೇ? ಆ ಪ್ರಸಂಗಿ ಯೇಸುವನ್ನು ಶಿಲುಬೆಗೆ ಹಾಕಿದ ಗೊಲ್ಗೊಥಾದಲ್ಲಿ ನಿಂತಿದ್ದರೆ ಆತನಿಗೂ ಹಾಗೇ ಅನ್ನುತ್ತಿದ್ದರೇ? ತಂದೆಯ ಮುದ್ದಿನ ಮಗನೇ "ಯಾಕೆ" ಎಂದು ಕೂಗಿದ್ದಾನೆ. ಮೇಲಿನಿಂದ ಉತ್ತರ ಬಂತು ಎಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಹಾಗಾದರೆ ನಮ್ಮ ಮನೆಯಲ್ಲಿ ಉತ್ತರ ಬಾರದೆ ಇದ್ದದ್ದು ದೇವರು ಇಲ್ಲ ಅನ್ನುವುದಕ್ಕೆ ಗುರುತಲ್ಲ. ನಮ್ಮ ವಿಶ್ವಾಸ ಸಾಲದು ಅನ್ನುವುದಕ್ಕೂ ಅಲ್ಲ. ನಾವು ನಿಂತಿದ್ದ ಜಾಗದಲ್ಲಿ ಆತನು ಮೊದಲೇ ನಿಂತಿದ್ದ. ಅಲ್ಲ, ತೂಗುತ್ತಿದ್ದ.

ಮತ್ತೆ, ಆ ಕೂಗೂ ಪ್ರಾರ್ಥನೆಯೇ. ಬೈಬಲ್ಲಿನ 22ನೇ ಕೀರ್ತನೆಯ ಮೊದಲ ಸಾಲು ಅದು. ಯೆಹೂದ್ಯ ಮಕ್ಕಳು ಕೇಳಿ ಬೆಳೆದ ಕೀರ್ತನೆ. ಉಸಿರು ಸಿಕ್ಕದ ಹೊತ್ತಿನಲ್ಲಿ ಯೇಸುವಿಗೂ ಬಾಯಿಗೆ ಬಂದದ್ದು ಬಾಯಿಪಾಠ! ನನಗೆ ಅಪ್ಪ ನೆನಪಾದರು. ನಾನು ಬೆಂಚಿನ ಮೇಲೆ ತಲೆಯಿಟ್ಟು ಅತ್ತೆ. ಅವ್ವ ಏನೂ ಅನ್ನಲಿಲ್ಲ, ಸೆರಗು ಕೊಟ್ಟಳು.

ಹೊಸ ಒಡಂಬಡಿಕೆಯಲ್ಲಿ ನಾವು ತಾಳ್ಮೆ, ಸೈರಣೆ ಎಂದು ಓದುವ ಕಡೆ ಗ್ರೀಕಿನಲ್ಲಿ ಇರುವ ಪದ ಹುಪೊಮೊನೆ. ಬಿಡಿಸಿದರೆ, ಕೆಳಗೆ ಉಳಿಯುವುದು. ಭಾರದ ಕೆಳಗಿನಿಂದ ಜಾರಿಕೊಳ್ಳದೆ ಉಳಿಯುವುದು. ಯೋಹಾನನು ಶಿಲುಬೆಯ ಬಳಿಯ ಹೆಂಗಸರ ಬಗ್ಗೆ ಬರೆಯುವಾಗ ಅವರು ಗೋಳಾಡಿದರು, ಪ್ರಾರ್ಥಿಸಿದರು ಎಂದೇನೂ ಬರೆಯುವುದಿಲ್ಲ. ನಿಂತಿದ್ದರು. ಅಷ್ಟೇ. ಯೇಸುವನ್ನು ಹಿಡಿಯಲು ಬಂದಾಗ ಕತ್ತಿ ಬೀಸಿದ ಪೇತ್ರ ಅಲ್ಲಿ ಇರಲಿಲ್ಲ, ಹೆಂಗಸರು ಇದ್ದರು. ಅವರಿಂದ ಏನೂ ಮಾಡಲಾಗುತ್ತಿರಲಿಲ್ಲ. ಮೊಳೆ ಕೀಳಲಾಗದು, ನೀರು ಕೊಡಲಾಗದು. ಆದರೂ ಹೋಗಲಿಲ್ಲ.

ಸಿರೇನೆಯ ಸೀಮೋನನನ್ನೂ ನೆನೆಯಬೇಕು. ಹೊಲದಿಂದ ಬರುತ್ತಿದ್ದ ದಾರಿಹೋಕ. ಸಿಪಾಯಿಗಳು ಹಿಡಿದು ಶಿಲುಬೆ ಹೊರಿಸಿದರು. ಅವನು ತಾನಾಗಿ ಮುಂದೆ ಬಂದವನಲ್ಲ. ರೋಗಿಗಳನ್ನು ನೋಡಿಕೊಳ್ಳುವ ನಮ್ಮ ಮನೆಗಳ ಎಷ್ಟೋ ಹೆಣ್ಣುಮಕ್ಕಳು ಸೀಮೋನನ ಹಾಗೆಯೇ, ಯಾರೂ ಅವರನ್ನು ಕೇಳಿ ಹೊರಿಸುವುದಿಲ್ಲ. ಆದರೆ ಸುವಾರ್ತೆ ಬರೆದ ಮಾರ್ಕನು ಅವನ ಹೆಸರಿನ ಜೊತೆ "ಅಲೆಕ್ಸಾಂದ್ರ, ರೂಫ ಇವರ ತಂದೆ" ಎಂದು ಸೇರಿಸುತ್ತಾನೆ. ಓದುವವರಿಗೆ ಆ ಮಕ್ಕಳ ಪರಿಚಯ ಇದ್ದಿದ್ದರೆ ಮಾತ್ರ ಹಾಗೆ ಬರೆಯುತ್ತಾರೆ. ಬಲವಂತಕ್ಕೆ ಹೊತ್ತವನ ಮಕ್ಕಳು ಸಭೆಯೊಳಗೆ ಇದ್ದರು ಎಂದು ನಾನು ನಂಬುತ್ತೇನೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ನಿನ್ನ ಶಿಲುಬೆ ನೀನು ಹೊರಬೇಕಮ್ಮಾ" ಎಂದು ಬುದ್ಧಿ ಹೇಳುವವರನ್ನು ನಮ್ಮ ಸಭೆಗಳಲ್ಲಿ ನಾನು ಕಂಡಿದ್ದೇನೆ. ಇದು ಶಿಲುಬೆಗೆ ಮಾಡುವ ಅವಮಾನ. ಯೇಸು ಹಿಡಿಯಲ್ಪಡುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ, ಅಂದರೆ ಈ ಕಷ್ಟ, ನನ್ನಿಂದ ತೊಲಗಲಿ ಎಂದು ಬೇಡಿಕೊಂಡ. ಜನ ಕಲ್ಲೆತ್ತಿಕೊಂಡಾಗ ದೇವಾಲಯದಿಂದ ಮರೆಯಾಗಿ ಹೊರಗೆ ಹೋದ. ವಿಚಾರಣೆಯಲ್ಲಿ ಕೆನ್ನೆಗೆ ಹೊಡೆದ ಓಲೇಕಾರನನ್ನು ಸುಮ್ಮನೆ ಬಿಡಲಿಲ್ಲ, ಯಾಕೆ ನನ್ನನ್ನು ಹೊಡೆಯುತ್ತೀ ಎಂದು ಕೇಳಿದ. ಆತನು ಶಿಲುಬೆ ಹೊತ್ತದ್ದು ಪ್ರೀತಿಯಿಂದ, ತಾನೇ ಒಪ್ಪಿ. ಇನ್ನೊಬ್ಬರ ಕ್ರೌರ್ಯಕ್ಕೆ ಬೆನ್ನು ಕೊಡು ಅನ್ನುವುದು ತಾಳ್ಮೆಯ ಪಾಠವಲ್ಲ. ಅಂಥ ಮನೆಯಿಂದ ಅವಳನ್ನು ಹೊರಗೆ ಕರೆತಂದು, ಅವಳ ಜೊತೆ ನಿಲ್ಲುವುದೇ ಶಿಲುಬೆ ಹೊರುವುದು.

ಈ ವಿಷಯದಲ್ಲಿ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಬರಗಾಲದಲ್ಲಿ ತಂದೆತಾಯಿ ಹೋದರು. ಮುಂದೆ ಅಣ್ಣ, ಅವನ ಹಿಂದೆಯೇ ಗಂಡ. ಕೈಯಲ್ಲಿ ಪುಟ್ಟ ಮಗಳು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಇಲ್ಲಿ ಎಷ್ಟೋ ಜನ ಮುಖ ತಿರುಗಿಸಿದರು. ಅವರು ಪುಣೆ ಹತ್ತಿರದ ಕೇಡಗಾಂವದಲ್ಲಿ ಬರಗಾಲದ ನೂರಾರು ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಅನ್ನ, ಅಕ್ಷರ ಕೊಟ್ಟರು. 1921ರಲ್ಲಿ ಆ ಒಬ್ಬಳೇ ಮಗಳು ಮನೋರಮಾ ಕೂಡ ತೀರಿಕೊಂಡಳು. ರಮಾಬಾಯಿ ಆಗಲೂ ಬೈಬಲ್ಲನ್ನು ಮರಾಠಿಗೆ ತರುವ ಕೆಲಸದಲ್ಲಿದ್ದರು. ಅದನ್ನು ಮುಗಿಸಿಯೇ 1922ರ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದರು. ಕಷ್ಟ ತೆಗೆದುಹಾಕುವ ದೇವರು ಮಾತ್ರ ಬೇಕಾಗಿದ್ದರೆ ಅವರು ಯಾವತ್ತೋ ಬಿಟ್ಟುಹೋಗಬೇಕಿತ್ತು.

ಶಿಲುಬೆಯ ಮೇಲಿನ ಆರನೇ ಮಾತಿನ ಬಗ್ಗೆ ಹೇಳದೆ ಮುಗಿಸಲಾರೆ. ನಮ್ಮ ಕನ್ನಡ ಬೈಬಲ್ಲಿನಲ್ಲಿ ಅದು ಒಂದೇ ಪದ. "ತೀರಿತು." ಈ ಪದವನ್ನು ಆರಿಸಿದವರಿಗೆ ನಾನು ಕೈಮುಗಿಯುತ್ತೇನೆ. ನಮ್ಮಲ್ಲಿ ಮನುಷ್ಯ ಸತ್ತರೆ ತೀರಿಕೊಂಡ ಅನ್ನುತ್ತೇವೆ. ಕೆಲಸ ಮುಗಿದರೂ ತೀರಿತು. ಸಾಲ ಮುಟ್ಟಿದರೂ ತೀರಿತು.

ಅಪ್ಪನ ಔಷಧಿಗೆ ಅವ್ವ ಒಂದು ಅಂಗಡಿಯಲ್ಲಿ ಉದ್ರಿ ಬರೆಸುತ್ತಿದ್ದಳು. ಅಪ್ಪ 2016ರಲ್ಲಿ ಹೋದರು. ಆಮೇಲೂ ಎಂಟು ತಿಂಗಳು ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದೆವು. ಕಡೆಯ ಕಂತು ಕೊಟ್ಟ ದಿನ ಅಂಗಡಿಯವರು ಉದ್ದನೆಯ ಪುಸ್ತಕ ತೆಗೆದು, ಅಪ್ಪನ ಹೆಸರಿನ ಪುಟದ ಮೇಲೆ ಅಡ್ಡಗೆರೆ ಎಳೆದು, "ತೀರಿತು ನೋಡ್ರಿ ಅಕ್ಕಾರ" ಅಂದರು. ಅವ್ವ ಆ ಗೆರೆಯನ್ನೇ ನೋಡುತ್ತಾ ನಿಂತಳು. ಹೊರಗೆ ಬಂದು, "ಏಸಪ್ಪನೂ ಹಿಂಗs ಅಂದಾನಲ್ಲೋ ತಮ್ಮಾ" ಅಂದಳು.

ಪೌಲ ಕೊಲೊಸ್ಸೆಯವರಿಗೆ ಬರೆದದ್ದು ಇದೇ. ನಮ್ಮ ಮೇಲಿದ್ದ ಸಾಲದ ಪತ್ರವನ್ನು ಅಳಿಸಿ ಶಿಲುಬೆಗೆ ಜಡಿದನು. ಭಾನುವಾರ ಶಾಲೆಯ ಉತ್ತರ ಸುಳ್ಳಲ್ಲ ಎಂದೆನಲ್ಲ, ಅದು ನನಗೆ ಬಿಡಿಸಿಕೊಂಡದ್ದು ಆ ಅಂಗಡಿಯ ಮುಂದೆ. ನಮ್ಮ ಪಾಪದ ಲೆಕ್ಕ ಮುಟ್ಟಿದೆ. ಹಾಗಾದರೆ ನಮ್ಮ ತಾಳ್ಮೆ ದೇವರಿಗೆ ಕಟ್ಟುವ ಕಂತಲ್ಲ. ಇಷ್ಟು ಉಪವಾಸ, ಇಷ್ಟು ಕಣ್ಣೀರು ಕೊಟ್ಟರೆ ಇಷ್ಟು ಗುಣ ಎಂಬ ವ್ಯಾಪಾರ ಅಲ್ಲಿ ಇಲ್ಲವೇ ಇಲ್ಲ. ಆ ಪ್ರಸಂಗಿ ತಪ್ಪಿದ್ದು ಅಲ್ಲಿ. ತೀರಿದ ಸಾಲಕ್ಕೆ ಅವರು ಅವ್ವನ ಹತ್ತಿರ ಮತ್ತೆ ಬಡ್ಡಿ ಕೇಳಿದರು. ಅವ್ವ ಏಳು ವರ್ಷ ಉಳಿದದ್ದು ಏನನ್ನೋ ಗಳಿಸುವುದಕ್ಕಲ್ಲ. ತನ್ನನ್ನು ಬಿಡದವನನ್ನು ತಾನು ಹೇಗೆ ಬಿಡಲಿ ಎಂದು. ಅದೇ ಕೈಯಿಂದ ಅಪ್ಪನನ್ನೂ ಹಿಡಿದುಕೊಂಡಳು.

ಮೂರನೇ ದಿನ ಆತನು ಎದ್ದ. ಅದಿಲ್ಲದೆ ಇದೆಲ್ಲ ಬರೀ ದುಃಖದ ಕಥೆ, ಪೌಲನೇ ಹಾಗೆ ಒಪ್ಪಿಕೊಂಡಿದ್ದಾನೆ. ಆದರೆ ಎದ್ದವನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ನಂಬದೆ ಇದ್ದ ಶಿಷ್ಯ ತೋಮನಿಗೆ ಬೆರಳಿಟ್ಟು ನೋಡು ಎಂದು ತೋರಿಸಿದ್ದು ಅದನ್ನೇ.

ಸೋಮವಾರ ಆಫೀಸಿಗೆ ಹೋದಾಗ ಆ ಗೆಳೆಯರಿಗೆ ಇದರಲ್ಲಿ ಅರ್ಧ ಹೇಳಿದೆ. ಅಪ್ಪನ ವಿಷಯ, ಅವ್ವನ ಮಾತು, "ಯಾಕೆ ಕೈಬಿಟ್ಟಿದ್ದೀ" ಅನ್ನುವ ಆ ಕೂಗು. ನಾವು ಕೇಳುವುದು ಇಷ್ಟೇ ಸರ್, ಜೊತೆಗಿರು ಅಂತ, ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಅವರ ಅಕ್ಕನಿಗೆ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ಕರೆದುಕೊಂಡು ಹೋಗಿ, ನಾಲ್ಕು ತಾಸು ಹೊರಗೆ ಬೆಂಚಿನ ಮೇಲೆ ಕೂತು, ವಾಪಸ್ ಕರೆತರುವುದು ಇವರೇ. ಮೂರು ವರ್ಷದಿಂದ ಪಕ್ಕದಲ್ಲಿ ಕೂತ ನನಗೆ ಇದು ಗೊತ್ತೇ ಇರಲಿಲ್ಲ. ಒಮ್ಮೆಯೂ ಕೇಳಿರಲಿಲ್ಲ.

"ನಾಳೆ ನಾನೂ ಬರಲಾ?" ಎಂದೆ.

"ಅಲ್ಲಿ ಮಾಡೋದೇನೂ ಇರೋದಿಲ್ಲ, ಸುಮ್ನೆ ಕೂತಿರಬೇಕು" ಅಂದರು.

"ಕೂತಿರೋಣ" ಎಂದೆ.